ಕಲ್ಲು ಕೊಟ್ಟವರ ಕಬ್ಬು

ಝೆರಾಕ್ಸ್ ಯಂತ್ರದಿಂದ ಆಗತಾನೇ ಹೊರಬಿದ್ದ ಹಾಳೆಯನ್ನು ನೀವು ಎಂದಾದರೂ ಕೆನ್ನೆಗೆ ಒತ್ತಿಕೊಂಡಿದ್ದೀರಾ? ನಾನು ಒತ್ತಿಕೊಳ್ಳುತ್ತೇನೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಮಾತ್ರ. ಹಂಚಿನಿಂದ ಇಳಿಸಿದ ರೊಟ್ಟಿಯ ಬಿಸಿ ಅದಕ್ಕೆ. ವಾಸನೆ ಮಾತ್ರ ರೊಟ್ಟಿಯದಲ್ಲ, ಸುಟ್ಟ ಮಸಿಯದು. ಇವತ್ತು ಬೆಳಿಗ್ಗೆ ಶಾಲೆಯ ಟೀಚರ್ ಒಂದು ಹಾಳೆ ತಂದುಕೊಟ್ಟು ಪ್ರತಿ ತೆಗೆಯಲು ಹೇಳಿದರು. ಬೇಸಿಗೆ ರಜೆಗೆ ಮೊದಲು ಸಣ್ಣ ಮಕ್ಕಳು ಮನೆಯಲ್ಲಿ ಮಾಡಬೇಕಾದ ಚಟುವಟಿಕೆಗಳು. ಮೊದಲ ಪ್ರತಿ ಹೊರಬಂತು. ಅಂಚು ಹಿಡಿದು ಮೇಜಿನ ಮೇಲಿಟ್ಟೆ. ಕೆನ್ನೆಯ ಹತ್ತಿರ ಒಯ್ಯಲು ಆಗಲಿಲ್ಲ.

"ಕಟ್ಟಿಗಿ ಜೋಡಿಸೋದು ತೆಗ್ದೀನ್ರಿ ಸರ್," ಎಂದರು ಟೀಚರ್, ನನ್ನ ಮುಖ ನೋಡದೆ. "ಈ ಸಲ ಬರೇ ಕಾಳು, ಎಲಿ, ಮತ್ತ ಮನಿ ಮಂದಿ ಹೆಸರು."

ನನ್ನನ್ನು 'ಸರ್' ಎಂದು ಕರೆಯುವುದಕ್ಕೆ ಕಾರಣ ಹೇಳಿಬಿಡುತ್ತೇನೆ. ನಾನು ಕಲಬುರಗಿಯಲ್ಲಿ ಎಂ.ಎ. ಓದಿದವನು. ಪಾಠ ಹೇಳುವ ಕೆಲಸ ಸಿಗಲಿಲ್ಲ. ಪಾಠ ಹೇಳುವವರ ಕಾಗದಗಳನ್ನು ಒಂದಿದ್ದುದನ್ನು ಎರಡು ಮಾಡಿಕೊಡುವ ಕೆಲಸ ಸಿಕ್ಕಿತು. ಊರಿನವರು ಆ ಹೆಸರನ್ನು ಬಿಡಲಿಲ್ಲ. ನಾನೂ ಬೇಡವೆನ್ನಲಿಲ್ಲ.

ಅಂಗಡಿ ಇರುವುದು ಆಳಂದ ತಾಲೂಕಿನ ನಮ್ಮೂರಿನ ಏರು ರಸ್ತೆಯ ನಡುಮಧ್ಯ. ಚಳಿಗಾಲ ಮುಗಿಯುವವರೆಗೂ ಅಫಜಲಪುರದ ಹೊಳೆದಂಡೆಯ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗುವುದು ಇದೇ ಏರು ಹತ್ತಿ. ಒಂದು ಎಂಜಿನ್ನು, ಅದರ ಹಿಂದೆ ಒಂದರ ಬಾಲಕ್ಕೊಂದು ಕಟ್ಟಿದ ಎರಡು ಟ್ರೇಲರು, ಮೇಲೆ ಮನೆಯಷ್ಟು ಎತ್ತರದ ಕಬ್ಬು. ಡ್ರೈವರನ ತಲೆಯ ಬಳಿ ಜೋಡಿ ಸ್ಪೀಕರು. ಎರಡು ಊರಿನಾಚೆ ಬರುವಾಗಲೇ ಹಾಡು ಕೇಳಿಸುತ್ತದೆ. ಹತ್ತಿರ ಬಂದರೆ ನನ್ನ ಮೇಜಿನ ಗಾಜು ನಡುಗುತ್ತದೆ. ಏರಿನಲ್ಲಿ ಗಾಡಿ ಮೆಲ್ಲಗಾದ ಕೂಡಲೇ ಮಕ್ಕಳು ಹಿಂದೆ ಓಡಿ ಒಂದೊಂದು ಕಬ್ಬಿನ ಗಳ ಜಗ್ಗಿಕೊಳ್ಳುತ್ತಾರೆ. ಯಾವ ಡ್ರೈವರನೂ ಬೈಯುವುದಿಲ್ಲ.

ಇದಕ್ಕಿಂತ ಹಳೆಯದು ಇನ್ನೊಂದು ರೂಢಿ, ಎತ್ತಿನ ಗಾಡಿಯ ಕಾಲದ್ದು. ಏರು ಹತ್ತುತ್ತ ಎತ್ತುಗಳು ಸೋತು ನಿಂತರೆ, ಗಾಡಿ ಹಿಂದಕ್ಕೆ ಜಾರದಂತೆ ಯಾರಾದರೂ ಓಡಿಹೋಗಿ ಗಾಲಿಯ ಹಿಂದೆ ಕಲ್ಲು ಕೊಡಬೇಕು. ಹಾಗೆ ಕಲ್ಲು ಕೊಟ್ಟವರು ತಮಗೆ ಬೇಕಾದ ಒಂದು ಕಬ್ಬು ಆರಿಸಿಕೊಳ್ಳಬಹುದು. ಕೇಳುವ ಹಾಗಿಲ್ಲ, ಕೊಡೆನೆನ್ನುವ ಹಾಗೂ ಇಲ್ಲ. ಎತ್ತಿನ ಗಾಡಿಗಳು ಹೋದವು. ಕಲ್ಲುಗಳು ಮಾತ್ರ ರಸ್ತೆಯ ಪಕ್ಕದಲ್ಲೇ ಉಳಿದವು.

ಗುರುಲಿಂಗಪ್ಪ ಮುತ್ಯಾ ಆ ರೂಢಿಯ ಕೊನೆಯ ಮನುಷ್ಯ. ಮುಂಜಾನೆ ಹಣೆಗೆ ವಿಭೂತಿ ಹಚ್ಚಿಕೊಂಡು, ಮೊಮ್ಮಗಳು ರೇಣುಕಾಳನ್ನು ಶಾಲೆಗೆ ಬಿಟ್ಟು, ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಹೋದ ವರ್ಷ ರೇಣುಕಾ ಎರಡನೇ ಕ್ಲಾಸು. ಇಂಥದೇ ಹಾಳೆ ಅವಳ ಮನೆಗೂ ಹೋಯಿತು. ಮುತ್ಯಾ ಅದನ್ನು ಹಿಡಿದುಕೊಂಡು ಬಂದರು.

"ನೋಡಪಾ, ಸಣ್ಣಾಂವ ಇದ್ದಾಗ ಸಾಲಿ ಬಿಟ್ಟು ಓಡಿಬಂದಿದ್ದೆ. ಇಷ್ಟ್ ವರ್ಷಕ್ಕ ನನ್ನ ಹುಡುಕ್ಕೊಂತ ಮನೀಗೇ ಬಂದದ!"

ಕದ ಎಷ್ಟು ಗೇಣು ಎಂದು ಅಳೆಯಬೇಕಿತ್ತು. ಮುತ್ಯಾ ಅಳೆದರೆ ಒಂದು ಲೆಕ್ಕ, ಹುಡುಗಿ ಅಳೆದರೆ ಇನ್ನೊಂದು. ಇಬ್ಬರೂ ಜಗಳಾಡುತ್ತ ನ್ಯಾಯಕ್ಕೆ ನನ್ನ ಬಳಿ ಬಂದರು.

"ಮುತ್ಯಾನ ಕೈ ನಡ್ಯಂಗಿಲ್ರಿ ಸರ್. ಸಾಲಿಗಿ ಹೋಗಾಕಿ ನಾನು," ಎಂದಳು ರೇಣುಕಾ.

"ಹಂಗಾರ ಕದ ಮಾಡ್ಸಿದಾಂವ ಯಾರಬೇ?" ಎಂದರು ಮುತ್ಯಾ.

ಇಬ್ಬರದೂ ಖರೇ ಎಂದೆ. ಎಂ.ಎ. ಓದಿದವನ ತೀರ್ಪು ಇಷ್ಟೇನಾ ಎಂಬಂತೆ ಇಬ್ಬರೂ ನನ್ನನ್ನು ನೋಡಿದರು. ಮರುದಿನ ಕಾಳು ವಿಂಗಡಿಸುವುದಿತ್ತು. ತೊಗರಿ, ಕಡಲೆ, ಹೆಸರು ಎಲ್ಲ ನನ್ನ ಮೆಟ್ಟಿಲ ಮೇಲೆಯೇ ಹರಡಿಕೊಂಡವು. ಪ್ರತಿ ತೆಗೆಸಲು ಬಂದವರು ದಾಟಿಕೊಂಡು ಒಳಗೆ ಬರಬೇಕಾಯಿತು. ಮುದುಕ ಎರಡನೇ ಕ್ಲಾಸನ್ನು ಎಷ್ಟು ಸಂತೋಷದಿಂದ ಓದುತ್ತಿದ್ದರೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಕೊನೆಗೆ ಬಂದದ್ದು ಕಟ್ಟಿಗೆ. ಬೇರೆ ಬೇರೆ ಉದ್ದದ ಕಟ್ಟಿಗೆಗಳನ್ನು ಗಿಡ್ಡದಿಂದ ಉದ್ದಕ್ಕೆ ಜೋಡಿಸಿ ಶಾಲೆಗೆ ತರಬೇಕು. ಜೋಳದ ದಂಟು, ತೊಗರಿ ಕಡ್ಡಿ, ಎಲ್ಲವನ್ನೂ ಮುತ್ಯಾ ಕೂಡಿಸಿಟ್ಟಿದ್ದರು. ಎಲ್ಲಕ್ಕಿಂತ ಉದ್ದದ್ದು ಕಬ್ಬೇ ಆಗಬೇಕೆಂದು ರೇಣುಕಾ ಹಟ ಹಿಡಿದಳು. ಸಂಜೆ ಒಂದು ಟ್ರ್ಯಾಕ್ಟರು ಏರು ಹತ್ತಲಾರದೆ ಅಂಗಡಿಯ ಮುಂದೆಯೇ ನಿಂತಿತು. ಹುಡುಗಿ ಓಡಲು ಹೊರಟಳು. ಮುತ್ಯಾ ರಟ್ಟೆ ಹಿಡಿದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂರಿಸಿದರು.

"ಜಗ್ಗಿ ತಂದ ಕಬ್ಬು ಬ್ಯಾಡವ್ವ, ಸಾಲಿಗಿ ಒಯ್ಯೂದು. ಕಲ್ಲು ಕೊಟ್ಟು ತರ್ತೇನಿ. ನೀ ಇಲ್ಲಿಂದ ಏಳಬ್ಯಾಡ."

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ತಿಳಿಯದು. ಸ್ನಾನ ಮಾಡುವಾಗ ನೋಡುತ್ತೇನೆ, ಚಿಲ್ಲರೆ ಎಣಿಸುವಾಗ ನೋಡುತ್ತೇನೆ. ಮುತ್ಯಾ ಎರಡೂ ಕೈಯಲ್ಲಿ ಕಲ್ಲು ಎತ್ತಿಕೊಂಡು ಹೋಗಿ ಹಿಂದಿನ ಟ್ರೇಲರಿನ ಗಾಲಿಗೆ ಕೊಟ್ಟರು. ಕಾಲಿನಿಂದ ಒದ್ದು ಗಟ್ಟಿ ಮಾಡಿದರು, ಎತ್ತಿನ ಗಾಡಿಗೆ ಮಾಡುವಂತೆಯೇ. ಧೋತರಕ್ಕೆ ಕೈ ಒರೆಸಿಕೊಂಡರು. ಆಮೇಲೆ ಪಕ್ಕಕ್ಕೆ ಬಂದು, ನಮಗೆ ಬೆನ್ನು ಮಾಡಿ ನಿಂತು, ಒಂದು ಕಬ್ಬಿಗೆ ಕೈ ಹಾಕಿ ಎಳೆದರು. ಅದು ಹಗ್ಗದಡಿ ಸಿಕ್ಕಿಕೊಂಡಿತ್ತು, ಬರಲಿಲ್ಲ. ಬಿಟ್ಟು, ಮೇಲಿನ ಇನ್ನೊಂದಕ್ಕೆ ಕೈ ಚಾಚಿದರು. ಎಂಜಿನ್ನು ಒದರುತ್ತಿತ್ತು, ಹಾಡು ಒದರುತ್ತಿತ್ತು. ಟ್ರೇಲರು ಒಮ್ಮೆ ನಡುಗಿದ್ದನ್ನು ಕಂಡೆ. "ಮುತ್ಯಾ, ಬಾಜೂಕ ಸರೀರಿ!" ಎಂದು ಕೂಗಿದೆ. ಅವರು ತಿರುಗಲಿಲ್ಲ. ಎರಡು ಟ್ರೇಲರುಗಳ ನಡುವಿನ ಪಿನ್ನು ಮುರಿಯಿತು. ಹಿಂದಿನದು ಜಾರಿ, ಕಲ್ಲಿನ ಮೇಲೆ ಒಂದೇ ಗಾಲಿ ಹತ್ತಿಸಿಕೊಂಡು, ಅವರು ನಿಂತ ಮಗ್ಗುಲಿಗೇ ಮಗುಚಿತು.

ಊರೆಲ್ಲ ಸೇರಿ ಕಬ್ಬು ತೆಗೆದೆವು. ಆ ಡ್ರೈವರ್, ಮೀಸೆಯೂ ಸರಿಯಾಗಿ ಬರದವನು, ರಸ್ತೆಯಲ್ಲಿ ಕುಳಿತು ತಲೆ ಬಡಿದುಕೊಂಡ. ಹಾಡು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುತ್ಯಾ ಸಿಕ್ಕಾಗ ಅವರಲ್ಲಿ ಉಸಿರಿರಲಿಲ್ಲ. ರೇಣುಕಾ ಮಾತ್ರ ಏಳಬೇಡವೆಂದ ಜಾಗದಿಂದ ಎದ್ದಿರಲಿಲ್ಲ.

ಮಣ್ಣು ಮಾಡುವಾಗ ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಮಗು, ತಿಳಿದಿಲ್ಲ ಎಂದರು ಎಲ್ಲರೂ. ಈಗ ಮೂರನೇ ಕ್ಲಾಸು. ಅವಳ ತಾಯಿ ಮಹಾದೇವಿ ಒಂದೆರಡು ಸಲ ನನ್ನೆದುರು ಹೇಳಿಕೊಂಡಿದ್ದಳು: ಶಾಲೆಯಲ್ಲಿ ಎಲ್ಲ ಬರೆಯುತ್ತಾಳೆ, ಮನೆಗೆ ಕೊಟ್ಟದ್ದನ್ನು ಮಾತ್ರ ಮುಟ್ಟುವುದಿಲ್ಲ.

ಇವತ್ತು ಶಾಲೆ ಬಿಟ್ಟ ಮೇಲೆ ಆ ಮಹಾದೇವಿ ಮಗಳನ್ನು ಕೈಹಿಡಿದು ಎಳೆದುಕೊಂಡೇ ಅಂಗಡಿಗೆ ಬಂದಳು. ಬೆಳಿಗ್ಗೆ ನಾನು ತೆಗೆದ ಪ್ರತಿಗಳಲ್ಲಿ ಒಂದು ತಾಯಿಯ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

"ನೋಡ್ರಿ ಸರ್, ಒಲಿಯಾಗ ಹಾಕಾಕ ಹೊಂಟಿದ್ಲು! ಮನಿ ಮಂದಿ ಹೆಸರು ಬರಿ ಅಂದ್ರ ಬಾಯಿ ಬಿಡವಲ್ಲಳು. ಅವತ್ತು ನಿಮ್ ಬಾಜೂನೇ ಕುಂತಿದ್ಲು. ನೀವರೆ ಕೇಳ್ರಿ, ಏನದ ಇದರ ಹೊಟ್ಯಾಗ ಅಂತ."

ನಾನು ಕೆಳಗಿಳಿದು ಮೆಟ್ಟಿಲ ಮೇಲೆ ಕೂತೆ. ಯಾಕವ್ವ ಎಂದಷ್ಟೇ ಕೇಳಿದೆ. ರೇಣುಕಾ ರಸ್ತೆಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಾ ಒದರಿದ್ದೆ ಸರ್. ಅದು ಬ್ಯಾಡ ಮುತ್ಯಾ, ಉದ್ದಂದು ತಗೋ ಅಂತ. ಅದಕ್ಕೇ ಅಂವ ಮೊದಲಿಂದು ಬಿಟ್ಟು ಮತ್ತೊಂದಕ್ಕ ಕೈ ಹಾಕ್ದ. ಮೊದಲಿಂದೇ ತಗೊಂಡಿದ್ರ ಬಂದ್ಬಿಡ್ತಿದ್ದ."

ಮಹಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ವರ್ಷ, ಎಂಟು ವರ್ಷದ ಹುಡುಗಿ, ಇದನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿದ್ದಾಳೆ. ನಾನು ಪಕ್ಕದಲ್ಲೇ ಕೂತಿದ್ದೆ, ಅವಳು ಕೂಗಿದ್ದು ನನಗೇ ಗೊತ್ತಿರಲಿಲ್ಲ. ಗದ್ದಲ ಅಷ್ಟಿತ್ತು. ಅದೇ ಅವಳಿಗೆ ಹೇಳಬೇಕಾದ ಮಾತು ಎಂದು ಆಗ ಹೊಳೆಯಿತು.

"ರೇಣೀ, ನೀ ಒದರಿದ್ದು ಬಾಜೂಕ ಕುಂತ ನನಗೇ ಕೇಳ್ಸಿಲ್ಲ," ಎಂದೆ. "ಆಮ್ಯಾಲ ನಾನೂ ಒದರಿದೆ. ಗಂಟಲ ಹರಿಯೂವಂಗ ಒದರಿದೆ. ಮುತ್ಯಾ ಹೊಳ್ಳಿ ನೋಡಿದ್ನೇನು?"

ಇಲ್ಲವೆಂದು ತಲೆಯಾಡಿಸಿದಳು.

"ಮೊದಲಿನ ಕಬ್ಬು ಹಗ್ಗದಾಗ ಸಿಕ್ಕಿತ್ತು. ಜಗ್ಗಿದ, ಬರಲಿಲ್ಲ, ಬಿಟ್ಟ. ನಾ ನೋಡೇನಿ. ನೀ ಹೇಳಿದ್ದಕ್ಕ ಬಿಟ್ಟಿಲ್ಲ."

ಹೇಳುತ್ತಿದ್ದಂತೆ ನನ್ನೊಳಗೂ ಏನೋ ಸಡಿಲವಾಯಿತು. ಇನ್ನೊಂದಿಷ್ಟು ಗಟ್ಟಿಯಾಗಿ ಕೂಗಿದ್ದರೆ ಎಂದು ವರ್ಷವಿಡೀ ನನ್ನನ್ನು ಕೇಳಿಕೊಂಡವನು ನಾನು. ಉತ್ತರ ಮಗುವಿಗೆ ಹೇಳುವಾಗಲೇ ನನಗೂ ಕೇಳಿಸಿತು. ಇನ್ನು ಅವಳು ಹಗುರಾಗುತ್ತಾಳೆ ಎಂದುಕೊಂಡೆ. ಓದಿದವರಿಗೆ ಇಂಥ ನಂಬಿಕೆಗಳು ಬೇಗ ಹುಟ್ಟುತ್ತವೆ. ಅವಳು ನನ್ನತ್ತ ತಿರುಗಿ ಕೇಳಿದಳು.

"ಹಂಗಾರ, ನಾ ಕರದದ್ದು ಮುತ್ಯಾಗ ಕೇಳೇ ಇಲ್ಲೇನ್ರಿ?"

ಕೇಳಿತ್ತು ಎನ್ನಲೇ? ಹಾಗೆ ಹೇಳಿದರೆ ಹೊರೆ ಮತ್ತೆ ಅವಳ ತಲೆಯ ಮೇಲೆ. ತನ್ನ ಕೊನೆಯ ಮಾತು ಅವರನ್ನು ಮುಟ್ಟಿತ್ತೆಂಬ ಸಮಾಧಾನವನ್ನೂ ಆ ಹೊರೆಯ ಜೊತೆಗೇ ಅವಳು ಇಟ್ಟುಕೊಂಡಿದ್ದಳು. ಒಂದನ್ನು ಇಳಿಸಿ ಇನ್ನೊಂದನ್ನು ಉಳಿಸಲು ನನಗೆ ಬರಲಿಲ್ಲ.

"ಇಲ್ಲವ್ವ," ಎಂದೆ. "ಕೇಳಲಿಲ್ಲ."

ಆಗ ಅವಳು ಅತ್ತಳು. ಬಾಯಿ ಪೂರಾ ತೆರೆದು, ಉಸಿರು ಕಟ್ಟಿ, ಮುತ್ಯಾ ಮುತ್ಯಾ ಎಂದು ರಸ್ತೆಗೆ ಕೇಳಿಸುವಂತೆ ಅತ್ತಳು. ಹೋಗುವವರು ನಿಂತರು. ಯಾರೋ ಸೈಕಲ್ ಇಳಿದು, ಏನಾತ್ರಿ, ಬಿದ್ದಳೇನು ಎಂದು ಹತ್ತಿರ ಬಂದರು. ಮಹಾದೇವಿ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಅವರಿಗೆಲ್ಲ ಕೈಬೀಸಿದಳು.

"ಏನೂ ಆಗಿಲ್ರಿ, ಹೋಗ್ರಿ ನೀವು. ನನ್ ಮಗಳು ಅಳಾಕತ್ತಾಳ, ಅಷ್ಟೇ."