ಚೌಕದೊಳಗಿನ ಶೆಡ್ಡು

ಸಂಜೆಯಾಗುತ್ತಲೇ ನರೋಣಾದ ದೌಲತರಾಯ ಅಂಗಳಕ್ಕೆ ಬಂದು ಗಾಳಿ ಮೂಸುತ್ತಾನೆ. "ಹೀರಾ, ಗಂಧಕದ ವಾಸನಿ ಬರಾಕತ್ತದೇನು?" ಎಂದು ಹೆಂಡತಿಯನ್ನು ಕೇಳುತ್ತಾನೆ. "ಇಲ್ರಿ, ಒಳಗ ಬರ್ರಿ," ಎನ್ನುತ್ತಾಳೆ ಹೀರಾಬಾಯಿ. ವರ್ಷಗಳಿಂದ ಇದೇ ನಡೆದಿದೆ. ಕಟ್ಟೆಯ ಮೇಲೆ ಕುಳಿತವರು ನಗುತ್ತಾರೆ. ಆ ಮುಠ್ಠಾಳರಿಗೆ ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ನಾನು ಇಲ್ಲಿಯ ಶಾಲೆಯ ವಿಜ್ಞಾನದ ಮಾಸ್ತರ, ದೌಲತರಾಯನ ಪಕ್ಕದ ಮನೆಯವನು.

ಊರೆಲ್ಲ ತೊಗರಿ, ಜೋಳ ಬಿತ್ತಿದರೆ ಈ ಪುಣ್ಯಾತ್ಮ ಬೋರಿನ ನೀರು ನಂಬಿ ದ್ರಾಕ್ಷಿ ಹಚ್ಚಿದ. ಸೊಲ್ಲಾಪುರದ ಕಡೆ ಹೋಗಿ ಒಣದ್ರಾಕ್ಷಿ ಮಾಡುವುದನ್ನು ಕಲಿತು ಬಂದ. ಹೊಲದಲ್ಲಿ ಶೆಡ್ಡು ಹಾಕಿ, ಬಲೆಯ ಮೇಲೆ ಹಣ್ಣು ಹರವಿ, ಸಂಜೆ ತಾಡಪತ್ರಿ ಇಳಿಬಿಟ್ಟು, ಒಳಗೆ ಬೋಗುಣಿಯಲ್ಲಿ ಗಂಧಕ ಸುಡುತ್ತಿದ್ದ. ಆ ಹೊಗೆ ಹಿಡಿದರೆ ಹಣ್ಣಿಗೆ ಬಂಗಾರದ ಬಣ್ಣ. ಹಣ್ಣು ಒಣಗುವವರೆಗೆ ಮನೆಮಂದಿಯೆಲ್ಲ ಹೊಲದಲ್ಲೇ ವಸ್ತಿ.

ಅವನಿಗೆ ಒಬ್ಬಳೇ ಮಗಳು, ಭುವನೇಶ್ವರಿ. ಹತ್ತನೆಯ ತರಗತಿಯಲ್ಲಿದ್ದಳು, ಸ್ವಲ್ಪ ಉಬ್ಬಸವಿತ್ತು. ಆ ವರ್ಷ ಶಿವರಾತ್ರಿಯ ವಾರ ಊರಿನ ಮೇಲೆಲ್ಲ ಬಿಳಿ ಮಬ್ಬು ಕವಿದು ಮನೆಮನೆಯಲ್ಲೂ ಕೆಮ್ಮು. ಒಂದು ಸಂಜೆ ದೌಲತರಾಯ ಗಂಧಕ ಹಚ್ಚಿ ಊರೊಳಗೆ ಬಂದಿದ್ದ. ತಿರುಗಿ ಹೋಗುವಷ್ಟರಲ್ಲಿ ಮಗಳು ಶೆಡ್ಡಿನ ಮುಂದೆ ತಾಯಿಯ ತೊಡೆಯ ಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದಳು. ಆಳಂದದ ದವಾಖಾನೆ ಮುಟ್ಟಲಿಲ್ಲ. ರೂಢಿಯಂತೆ ಸ್ವಂತ ಹೊಲದಲ್ಲೇ, ಕೈಯಲ್ಲಿ ಲಿಂಗವಿಟ್ಟು, ಕೂಡಿಸಿ ಮಣ್ಣು ಮಾಡಿದರು.

ಅವನು ಶೆಡ್ಡು ಕಿತ್ತು ಹಾಕಿದ, ಬಳ್ಳಿ ಕಡಿದ. ಆದರೂ ಗಾಳಿ ಎದ್ದರೆ ಇಲ್ಲದ ತಾಡಪತ್ರಿ ಪಟಪಟ ಬಡಿಯುವುದು, ಅದರ ಹಿಂದೆ ಹುಡುಗಿ ಕೆಮ್ಮುವುದು ಅವನಿಗೆ ಕೇಳಿಸುತ್ತದೆ. ಮಬ್ಬು ಕೊಂದಿತೋ, ತನ್ನ ಹೊಗೆ ಕೊಂದಿತೋ? ಅವನ ಜೀವ ತಿಂದದ್ದು ಇದೊಂದೇ ಪ್ರಶ್ನೆ.

ಹೋದ ಚಳಿಗಾಲ ಕಲಬುರಗಿಯಿಂದ ನೀತಾ ಎಂಬ ಸಂಶೋಧಕಿ ಬಂದು ನಮ್ಮ ಶಾಲೆಯ ಮಾಳಿಗೆಯ ಮೇಲೆ ಗಾಳಿ ಎಳೆಯುವ ಪೆಟ್ಟಿಗೆ ಇಟ್ಟಳು. ಧೂಳಿನಲ್ಲಿ ಸಲ್ಫೇಟ್ ಎಷ್ಟು, ಅದು ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವುದು ಅವಳ ಕೆಲಸ.

"ಕಲ್ಲಿದ್ದಲು ಸುಟ್ಟರ ಗಂಧಕದ ಹೊಗಿ ಏಳ್ತದ ಕಾಕಾ. ಗಾಳಿಯೊಳಗ ಬರಕೋತ ಬರಕೋತ ಸಣ್ಣ ಧೂಳಾಗ್ತದ. ದೂರದ ರಾಜ್ಯದ್ದೂ ಇಲ್ಲಿಗೆ ಬರ್ತದ," ಎಂದಳು, ಪೆಟ್ಟಿಗೆ ನೋಡಲು ಬಂದಿದ್ದ ದೌಲತರಾಯನಿಗೆ.

ಅವನು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತ. "ಆಗಿನ ಗಾಳೀನೂ ಗೊತ್ತಾಗ್ತದೇನವ್ವ?"

"ಆಗ್ತದ್ರಿ. ಕಂಪ್ಯೂಟರಿನೊಳಗ ಅದೇ ಗಾಳಿ ಮತ್ತ ಬೀಸಸ್ತೀವಿ. ಒಂದೊಂದೇ ಕಡಿ ಹೊಗಿ ಬಂದ್ ಮಾಡಿ, ಇಲ್ಲಿ ಎಷ್ಟು ಕಡಿಮಿ ಆಗ್ತದ ನೋಡ್ತೀವಿ."

ಆ ಶಿವರಾತ್ರಿಯ ವಾರದ ಗಾಳಿಯನ್ನು ತೋರಿಸೆಂದು ಅವನು ಬೇಡಿದ. ಮುಂದಿನ ಸಲ ಬಂದಾಗ ನೀತಾ ಅವನ ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ತೆರೆದಳು. ನಕ್ಷೆಯ ತುಂಬ ಬಣ್ಣದ ಚೌಕಗಳು; ಕೆಂಪಾದಷ್ಟೂ ಧೂಳು ಹೆಚ್ಚು. ಮೂಡಣದ ಕಲ್ಲಿದ್ದಲ ಹೊಗೆ ಬಂದ್ ಮಾಡಿದಳು. ನಮ್ಮೂರಿನ ಚೌಕದ ಕೆಂಪು ಬಹುಪಾಲು ಇಳಿದುಹೋಯಿತು.

"ನೋಡೋ ಮಾರಾಯ! ಎಲ್ಲಿದೋ ಹೊಗಿ ಅದು, ನಿಂದಲ್ಲ!" ಎಂದೆ. ನಾನು ಕುಣಿದಾಡುವುದೊಂದು ಬಾಕಿ. ನನಗೆ ಅಳುವೇ ಬಂದಿತ್ತು.

ಅವನು ನಗಲಿಲ್ಲ. "ಈಗ ನನ್ನ ಶೆಡ್ಡು ಬಂದ್ ಮಾಡವ್ವ."

ನೀತಾಳ ಮುಖ ಸಣ್ಣದಾಯಿತು. "ನಿಮ್ಮ ಶೆಡ್ಡು ಇದರಾಗ ಇಲ್ರಿ ಕಾಕಾ. ಹಾಕಿದ್ರೂ ಕಾಣಂಗಿಲ್ಲ. ಈ ಒಂದು ಚೌಕದಾಗ ನರೋಣಾ, ಆಳಂದ ಎರಡೂ ಬರ್ತಾವ. ನಿಮ್ಮ ಬೋಗುಣಿ ಹೊಗೀನ ಕಂಪ್ಯೂಟರು ಅಷ್ಟಕ್ಕೂ ಸಮ ಹರವಿಬಿಡ್ತದ."

"ಹಂಗಾರ ಅದು ಕೊಲ್ಲಲಿಲ್ಲ ಅಂತೀಯೇನು?"

"ಮಬ್ಬು ಎಲ್ಲಿಂದ ಬಂತು ಅಂತ ಹೇಳಬಲ್ಲೆ. ಇದನ್ನ ಹೇಳಾಕ ಆಗಂಗಿಲ್ರಿ."

ಹುಡುಗಿಯ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

"ನನ್ನ ಮಗಳು ಆಳಂದದಾಗ ಇರಲಿಲ್ಲವ್ವ," ಎಂದ ದೌಲತರಾಯ. "ತಾಡಪತ್ರಿ ಹೊರಗ, ಬಗಲಾಗೇ ಕುಂತಿದ್ದಳು."

"ಹೊರಗಲ್ರಿ."

ಹೀರಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಒಳಗಿದ್ದಳು. ಬಲ್ಬು ಒಳಗಷ್ಟೇ ಇತ್ತು, ಪರೀಕ್ಷಾ ಹತ್ರ ಬಂದಿತ್ತು. ಬೋಗುಣಿ ಆ ತುದಿಗದ, ನೀ ಈ ತುದಿಗೆ ಕುಂತು ಓದ್ಕೋ ಹೋಗು ಅಂತ ನಾನೇ ಕಳಿಸಿದ್ದೆ."

ದೌಲತರಾಯ ಅವಳನ್ನೇ ನೋಡಿದ. "ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀವು ನಿಮ್ಮ ಮ್ಯಾಲ ಹಾಕ್ಕೊಂಡ್ರಿ," ಎಂದಳು ಹೀರಾಬಾಯಿ. "ನಾ ಹಾಕ್ಕೊಳ್ಳಾಕ ಬಿಟ್ಟೆ."