ಬಿಚ್ಚದೆ ಉಳಿದ ಒಂಬತ್ತು ಅಕ್ಷರ

ಕಳೆದ ವಾರ ಮಗಳು ಆಸ್ಟಿನ್‌ನಿಂದ ಸ್ಪ್ರಿಂಗ್ ಬ್ರೇಕಿಗೆಂದು ಮನೆಗೆ ಬಂದವಳು, ನನ್ನ ಕಪಾಟಿನ ತಳದಿಂದ ಒಂದು ನೀಲಿ ಜರ್ಸಿಯನ್ನು ಹೊರಗೆಳೆದಳು. ಅದರ ಜೊತೆಗೇ ನುಸಿಗುಳಿಗೆಯ ವಾಸನೆಯೂ ಬಂತು. ನುಸಿಗುಳಿಗೆಯನ್ನು ನಾನು ಜನ್ಮದಲ್ಲಿ ಕೊಂಡವನಲ್ಲ. ಅದು ಗಂಗಾ ಆಂಟಿಯ ಹೊಲಿಗೆ ಕೋಣೆಯ ವಾಸನೆ. ಒಂಬತ್ತು ವರ್ಷ ಒಂದು ವಾಸನೆ ಬಟ್ಟೆಯಲ್ಲಿ ಉಳಿಯುತ್ತದೆಯೇ, ಅಥವಾ ಜರ್ಸಿ ಕಂಡೊಡನೆ ನನ್ನ ಮೂಗೇ ಅದನ್ನು ಸೇರಿಸಿತೇ, ಹೇಳಲಾರೆ. ನನ್ನ ನೆನಪಿನ ಮೇಲೆ ನನಗಿದ್ದ ನಂಬಿಕೆ ಈ ವಾರ ಬಹಳ ಕಡಿಮೆಯಾಗಿದೆ. ಅದನ್ನೇ ನಿಮಗೆ ಹೇಳಲು ಕೂತಿದ್ದೇನೆ.

"ಅಪ್ಪಾ, ಕ್ಯಾನ್ ಐ ಹ್ಯಾವ್ ದಿಸ್? ಹೂ ಈಸ್ ದಿಸ್ ಗೈ?" ಎಂದಳು ಮಗಳು, ಬೆನ್ನ ಮೇಲಿನ ಹೆಸರು ತೋರಿಸಿ.

ನಾನು ಜರ್ಸಿಯನ್ನು ಕಿಟಕಿಯ ಕಡೆ ಹಿಡಿದೆ. ಹೆಸರಿನ ಅಡಿಯಲ್ಲಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂತೆ, ಇನ್ನೊಂದು ಹೆಸರಿನ ಸೂಜಿತೂತುಗಳಿದ್ದವು. ಅವನ್ನೇ ನೋಡುತ್ತ ನಿಂತೆ.

ಮಾರ್ಚ್ ಎಂದರೆ ಇಲ್ಲಿ ಅಮೆರಿಕನ್ ಫುಟ್‌ಬಾಲಿನ ಆಟವಿಲ್ಲದ ಕಾಲ. ಕಾಲಿಗಿಂತ ಕೈಯೇ ಹೆಚ್ಚು ಆಡುವ ಈ ಆಟಕ್ಕೆ ಫುಟ್‌ಬಾಲ್ ಎನ್ನುವುದೇಕೆ ಎಂಬ ತಕರಾರನ್ನು ನಾನು ಹ್ಯೂಸ್ಟನ್ನಿಗೆ ಬಂದ ಮೂರನೆಯ ವರ್ಷಕ್ಕೇ ಕೈಬಿಟ್ಟೆ. ಆಟವಿಲ್ಲದ ಕಾಲದಲ್ಲಿ ಮೈದಾನ ಖಾಲಿ, ಆದರೆ ತಂಡದ ಆಫೀಸು ತುಂಬಿರುತ್ತದೆ. ಆಟಗಾರರ ಸಂಬಳಕ್ಕೆಂದು ಪ್ರತಿ ತಂಡಕ್ಕೂ ಒಂದೇ ಮಿತಿ. ಅದನ್ನು ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. ಎಷ್ಟೇ ಶ್ರೀಮಂತ ಮಾಲೀಕನಾದರೂ ಆ ಗೆರೆ ದಾಟುವಂತಿಲ್ಲ. ಹೊಸಬನೊಬ್ಬ ಬೇಕೆಂದರೆ ಹಳಬನೊಬ್ಬ ಹೊರಡಬೇಕು. ವಿಚಿತ್ರವೆಂದರೆ, ಮುಂಗಡವಾಗಿ ಕೊಟ್ಟ ಹಣವಿದ್ದರೆ ಆತ ಹೋದ ಮೇಲೂ ಅದು ತಂಡದ ಲೆಕ್ಕದಲ್ಲಿ ಭಾರವಾಗಿ ಕೂತಿರುತ್ತದೆ. ಆಳು ಇಲ್ಲ, ಭಾರ ಇದೆ. ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನ ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ನಾವು ನಾಲ್ಕಾರು ಜನ ಇದನ್ನೇ ಚರ್ಚಿಸುತ್ತಿದ್ದೆವು. ಯಾರನ್ನು ಬಿಡಬೇಕು ಎಂಬುದರಲ್ಲಿ ನನ್ನಷ್ಟು ಕಠಿಣ ಮನುಷ್ಯ ಆ ಮೇಜಿನಲ್ಲಿ ಇರಲಿಲ್ಲ. ಬದುಕಿನಲ್ಲಿ ಒಂದು ಹಳೆಯ ಚಪ್ಪಲಿ ಎಸೆಯಲೂ ಹಿಂದೆಮುಂದೆ ನೋಡುವವನು ನಾನು!

ಗಂಗಾ ಆಂಟಿ ಗದಗಿನವರು. ಗಂಡನ ಕೆಲಸದ ಜೊತೆ ನಮಗಿಂತ ಎಷ್ಟೋ ಮೊದಲೇ ಹ್ಯೂಸ್ಟನ್ನಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರೆದುರು ಟಿವಿ. ಊರಿನ ಹೆಂಗಸರ ಬ್ಲೌಸು, ಗಂಡಸರ ಪ್ಯಾಂಟಿನ ಉದ್ದ ಎಲ್ಲ ಅಲ್ಲಿ ಸರಿಯಾಗುತ್ತಿತ್ತು. ಫುಟ್‌ಬಾಲ್ ಗಂಡನ ಹುಚ್ಚಂತೆ. ಅವರು ಹೋದ ಮೇಲೆ ಟಿವಿ ಆರಿಸಲು ಮನಸ್ಸು ಬರದೆ, ಹೊಲಿಯುತ್ತಲೇ ಕೇಳಿ ಕೇಳಿ ಇವರಿಗೂ ಆಟ ಬಂದುಬಿಟ್ಟಿತ್ತು. ಈ ಊರಿನ ಮೊದಲಿನ ತಂಡವನ್ನು ಅದರ ಮಾಲೀಕ ಬೇರೆ ಊರಿಗೆ ಸಾಗಿಸಿದ್ದನ್ನು ಅವರು ಕಂಡಿದ್ದರು. "ಇಷ್ಟೆತ್ತರದ ಗಂಡಸರು ಅಂಗಡ್ಯಾಗ ನಿಂತು ಅತ್ತಾರ್ರಿ, ನಾ ನೋಡೀನಿ" ಎನ್ನುತ್ತಿದ್ದರು. ಇಡೀ ತಂಡವೇ ಹೊರಟುಹೋಗಬಹುದು ಎಂದು ಕಂಡವರಿಗೆ ಒಬ್ಬ ಆಟಗಾರ ಹೋಗುವುದು ಸಣ್ಣ ವಿಷಯವಾಗಬೇಕಿತ್ತು. ಆದರೆ ಹಾಗಾಗಿರಲಿಲ್ಲ.

ಜರ್ಸಿಯ ಕಥೆಗೆ ಬರುತ್ತೇನೆ. ಅರವತ್ತೆಂಟನೆಯ ನಂಬರು. ರಿಯಾಯಿತಿಯಲ್ಲಿ ಸಿಕ್ಕಿತ್ತು, ಏಕೆಂದರೆ ಅದು ಮುಂಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನ ನಂಬರು. ಚೆಂಡನ್ನೇ ಮುಟ್ಟದವನ ಹೆಸರನ್ನು ಬೆನ್ನ ಮೇಲೆ ಹೊರುವವರು ಕಡಿಮೆ. ನಾನು ಕೊಂಡ ವರ್ಷವೇ ಅವನನ್ನು ತಂಡ ಬಿಟ್ಟಿತು. ಅದೇ ನಂಬರು ಹೊಸಬನೊಬ್ಬನಿಗೆ ಹೋಯಿತು. ಗಂಗಾ ಆಂಟಿ ಬ್ಲೇಡು ಹಿಡಿದು ಹಳೆಯ ಹೆಸರನ್ನು ಒಂದೊಂದೇ ಎಳೆ ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಇಂಗ್ಲಿಷಿನ ಒಂಬತ್ತು ಅಕ್ಷರ ಕತ್ತರಿಸಿ ಹೊಸ ಹೆಸರು ಹೊಲಿದುಕೊಟ್ಟರು. ಆ ಹೊಸಬನನ್ನು ಅವರು ಗ್ವಾಡಿ ಎಂದು ಕರೆದರು. ನಾವು ಮೈಸೂರಿನವರು ಗೋಡೆ ಎನ್ನುವುದಕ್ಕೆ ಅವರ ಕಡೆ ಗ್ವಾಡಿ. ನಾಲ್ಕು ವರ್ಷ ಆತ ಗೋಡೆಯ ಹಾಗೇ ನಿಂತ. ಐದನೆಯ ವರ್ಷ ಮೊಣಕಾಲು ಹೋಯಿತು. ಮಾರ್ಚಿನಲ್ಲಿ ತಂಡ ಅವನನ್ನೂ ಬಿಟ್ಟಿತು.

ನಾನು ಹಿಂದಿನ ಸಲದಂತೆಯೇ ಜರ್ಸಿ ಹೊತ್ತುಕೊಂಡು ಹೋದೆ.

"ಆಂಟಿ, ನಿಮ್ಮ ಗ್ವಾಡಿನ ಬಿಟ್ಬಿಟ್ರು. ಹೆಸರು ಬಿಚ್ಚಿಕೊಡಿ."

"ಯಾಕ್ ಬಿಟ್ರಂತ್ರಿ?"

"ಕ್ಯಾಪ್ ಆಂಟಿ. ಅವನಿಗೆ ಕೊಡೋದ್ರಲ್ಲಿ ಇಬ್ರು ಹುಡುಗರು ಬರ್ತಾರೆ. ಮೊಣಕಾಲು ಬೇರೆ ಹೋಗಿದೆ."

"ಮೊಣಕಾಲು ಎಲ್ಲಿ ಮುರ್ಕೊಂಡಾನ್ರಿ? ಅವರವ್ವನ ಮನ್ಯಾಗೇನು?"

"ಅದು ಸೆಂಟಿಮೆಂಟ್ ಆಯ್ತು ಆಂಟಿ. ತಂಡ ನಡೆಸೋರು ಮುಂದಿನ ವರ್ಷ ನೋಡ್ಬೇಕು."

"ನೋಡ್ಲಿ ಬಿಡ್ರಿ. ಹಿಂದಿಂದು ನಾ ನೋಡ್ತೀನಿ" ಎಂದವರೇ ಜರ್ಸಿಯನ್ನು ನೀಟಾಗಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. "ಚಹಾ ಕುಡೀರಿ. ಇದನ್ನ ಮಾತ್ರ ನಾ ಬಿಚ್ಚಂಗಿಲ್ಲ."

ನಾನು ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕೆ. ನಕ್ಕದ್ದು ನಿಜ, ನಾನು ದಿನವೂ ಬರೆಯುವ ಡೈರಿಯಲ್ಲಿದೆ.

ಗಂಗಾ ಆಂಟಿ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಸಮುದಾಯ ಭವನದ ಬಾಡಿಗೆ ಕೋಣೆಗಳಲ್ಲಿ ಭಾನುವಾರ ನಡೆಯುತ್ತಿದ್ದ ನಮ್ಮ ಮಕ್ಕಳ ಕನ್ನಡ ತರಗತಿಗೆ ಅವರು ಶುರುವಿನಿಂದಲೂ ಪಾಠ ಹೇಳುತ್ತಿದ್ದರು. ಸಂಬಳವಿಲ್ಲದ ಕೆಲಸ. ಆ ವರ್ಷ ತರಗತಿಯ ಹೊಣೆ ನನ್ನ ಪಾಲಿಗೆ ಬಂದಿತ್ತು. ಕೋಣೆ ಮೂರು, ಪಾಠ ಹೇಳುವವರು ನಾಲ್ವರು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಶಿಕ್ಷಕಿಯೊಬ್ಬರು ಬಣ್ಣಬಣ್ಣದ ಸ್ಲೈಡುಗಳೊಂದಿಗೆ ಸಿದ್ಧರಿದ್ದರು. ಮೇಲಾಗಿ ಕೆಲವು ತಾಯಂದಿರಿಗೆ ಅಸಮಾಧಾನವಿತ್ತು. "ಮಕ್ಕಳು ಮನೆಗೆ ಬಂದು ಕುಂದರ್ರಿ, ಬರ್ರಿ ಅಂತಾರೆ. ನಮ್ಮ ಅತ್ತೆ ಫೋನಲ್ಲಿ ನಗ್ತಾರೆ" ಎಂದು ಒಬ್ಬಾಕೆ ದೂರಿದರು. ಬೇಸಿಗೆ ರಜೆ ಶುರುವಾಗಿತ್ತು. ನಮ್ಮದೂ ಆಟವಿಲ್ಲದ ಕಾಲ ಎಂದು ನನಗೆ ಹೊಳೆಯಿತು. ಹೊಳೆದದ್ದಷ್ಟೇ ಅಲ್ಲ, ಖುಷಿಯಾಯಿತು. ಕೋಣೆಯೇ ನಮ್ಮ ಕ್ಯಾಪ್ ಎಂದು ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಯಾರು ಎಷ್ಟು ಮಕ್ಕಳನ್ನು ಹಿಡಿದಿಡುತ್ತಾರೆ, ಯಾರಿಗೆ ಮುಂದಿನ ವರ್ಷಗಳಿವೆ ಎಂದೆಲ್ಲ. ಗಂಗಾ ಆಂಟಿಯನ್ನೇ ಬಿಡಬೇಕೆಂಬ ಉತ್ತರ ಮೊದಲೇ ಗೊತ್ತಿತ್ತು. ಅದಕ್ಕೆ ಸ್ಪ್ರೆಡ್‌ಶೀಟಿನ ಅಂಗಿ ಹಾಕಿದೆ, ಅಷ್ಟೆ.

ಮುಂದಿನದನ್ನು ಇಷ್ಟು ವರ್ಷ ನಾನು ಹೀಗೆ ಹೇಳಿಕೊಂಡು ಬಂದಿದ್ದೇನೆ. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟಗಳಲ್ಲಿ ಎಷ್ಟು ಸಲ ಹೇಳಿದ್ದೇನೋ. ನಾನು ಅವರ ಮನೆಗೆ ಹೋದೆ. ಅವರು ಯಾರದೋ ಲಂಗದ ಅಂಚು ಹೊಲಿಯುತ್ತಿದ್ದರು. ಮಂಡಕ್ಕಿ ಕೊಟ್ಟರು. ನಾನು ತಡವರಿಸಿ "ಆಂಟಿ, ಒಂದು ವಿಷಯ..." ಎಂದೆ.

"ಗೊತ್ತೈತ್ರಿ" ಎಂದರು, ತಲೆ ಎತ್ತದೆ. "ಕ್ಯಾಪ್, ಅಲ್ಲೇನ್ರಿ?" ಎಂದು ನಕ್ಕರು.

ನೋಡಿ, ಹೇಳುವ ಮೊದಲೇ ಅರ್ಥಮಾಡಿಕೊಂಡ ದೊಡ್ಡ ಮನಸ್ಸು ಎಂದು ನಾನು ಕಥೆ ಮುಗಿಸುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ಕಥೆಯಲ್ಲಿ ಅವರು ದೊಡ್ಡವರಾದಷ್ಟೂ ನಾನು ಹಗುರಾಗುತ್ತಿದ್ದೆ. ಆ ದಿನದ ಡೈರಿಯಲ್ಲೂ ಒಂದೇ ಸಾಲು: "ಗಂಗಾ ಆಂಟಿ ಮನೆಗೆ ಹೋಗಿದ್ದೆ. ಚೆನ್ನಾಗಿ ತೆಗೆದುಕೊಂಡರು." ಮರುವರ್ಷ ಅವರು ಮನೆ ಮಾರಿ ಡಲ್ಲಾಸ್ ಬಳಿಯ ಮೆಕಿನ್ನಿಗೆ, ತಂಗಿಯ ಮಗಳ ಹತ್ತಿರಕ್ಕೆ ಶಿಫ್ಟ್ ಆದರು. ಹಬ್ಬಕ್ಕೊಂದು ಮೆಸೇಜು, ಅಷ್ಟರಲ್ಲೇ ನಮ್ಮ ಸಂಬಂಧ ನಿಂತಿತ್ತು.

ಈಗ ಕಳೆದ ವಾರಕ್ಕೆ ಬನ್ನಿ. ಜರ್ಸಿಯ ಕಥೆ ಕೇಳಿದ ಮಗಳಿಗೆ ಗಂಗಾ ಆಂಟಿಯ ಮುಖದ ನೆನಪು ಮಸುಕಾಗಿತ್ತು. ಫೋಟೋ ತೋರಿಸೋಣವೆಂದು ವಾಟ್ಸಾಪಿನ ಹಳೆಯ ತರಗತಿ ಗುಂಪನ್ನು ಹುಡುಕಿ ಹಿಂದಕ್ಕೆ ಹಿಂದಕ್ಕೆ ಹೋದೆ. ಫೋಟೋಗಿಂತ ಮೊದಲು ನನ್ನದೇ ಸಂದೇಶ ಸಿಕ್ಕಿತು. ಶನಿವಾರ ಬೆಳಗ್ಗೆ ಕಳಿಸಿದ್ದು. "ಗಂಗಾ ಆಂಟಿಯವರ ಇಷ್ಟು ವರ್ಷಗಳ ಸೇವೆಗೆ ಕೃತಜ್ಞತೆಗಳು. ಅವರ ಮುಂದಿನ ಹೆಜ್ಜೆಗಳಿಗೆ ಶುಭ ಹಾರೈಸುತ್ತೇವೆ." ಆಟಗಾರರನ್ನು ಬಿಡುವಾಗ ತಂಡಗಳು ಹೊರಡಿಸುವ ಹೇಳಿಕೆಯ ಮಾದರಿಯಲ್ಲೇ ಬರೆದಿದ್ದೆ. ಅರವತ್ತು ದಾಟಿದ ಹೆಂಗಸಿಗೆ ಮುಂದಿನ ಹೆಜ್ಜೆಗಳಂತೆ! ನಾನು ಅವರ ಮನೆಗೆ ಹೋದದ್ದು ಭಾನುವಾರ ಎಂದು ಡೈರಿ ಹೇಳುತ್ತದೆ.

ಅವರಿಗೆ ಗೊತ್ತಾದದ್ದು ದೊಡ್ಡ ಮನಸ್ಸಿನಿಂದಲ್ಲ. ಹಿಂದಿನ ದಿನ, ನಲವತ್ತು ಮನೆಯವರ ಜೊತೆಗೆ, ಫೋನಿನಲ್ಲಿ ಓದಿ ಗೊತ್ತಾಗಿತ್ತು.

ಸಂದೇಶದ ಕೆಳಗೆ ಸಾಲುಸಾಲು ಮುಗಿದ ಕೈಗಳ ಚಿತ್ರ. ಅವುಗಳ ನಡುವೆ ಗಂಗಾ ಆಂಟಿಯದೂ ಒಂದು ಸಾಲು: "ಓದಿದೆ. ಮಕ್ಕಳ ನೋಟ್‌ಬುಕ್ಕು ನನ್ನ ಕಡೆ ಅದಾವ. ಯಾರಿಗೆ ಕೊಡಲಿ?"

ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೊಡಬೇಕಾದವನು ನಾನೇ. ಅದರ ಮರುದಿನ ಅವರ ಮನೆಯಲ್ಲಿ ಮಂಡಕ್ಕಿ ತಿಂದು ಬಂದವನೂ ನಾನೇ.

ಕಥೆಯನ್ನು ಹೀಗೂ ತಿದ್ದಬಹುದು, ಹಾಗೂ ತಿದ್ದಬಹುದು ಎಂದು ಮನಸ್ಸು ಆಗಲೇ ಕೆಲಸ ಶುರುಮಾಡಿತ್ತು. ಅದು ಮುಗಿಸುವ ಮೊದಲೇ ಮೆಕಿನ್ನಿಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿತ್ತು.

"ಆಂಟಿ, ನೋಟ್‌ಬುಕ್ ಯಾರಿಗೆ ಕೊಡ್ಲಿ ಅಂತ ಕೇಳಿದ್ರಲ್ಲ..."

"ಯಾವಾಗ್ರಿ?"

"ಒಂಬತ್ತು ವರ್ಷದ ಹಿಂದೆ. ಗ್ರೂಪ್‌ನಲ್ಲಿ."

ಯಂತ್ರ ನಿಂತಿತು. "ಅಯ್ಯ, ಈಗ ಉತ್ತರ ಬಂತೇನ್ರಿ!"

"ನಾನು ಮೆಸೇಜ್ ಹಾಕಿ, ಮಾರನೇ ದಿನ ನಿಮ್ಮನೆಗೆ ಬಂದಿದ್ದೆ. ಮೊದಲು ಮನೆಗೆ ಬಂದೆ ಅಂತಲೇ ಇಷ್ಟು ದಿನ ಅಂದ್ಕೊಂಡಿದ್ದೆ. ತಪ್ಪಾಯ್ತು ಆಂಟಿ."

"ನನಗ ಗೊತ್ತೈತ್ರಿ. ಓದಿದಾಕಿ ನಾನಲ್ಲೇನು?" ಕತ್ತರಿ ಕೆಳಗಿಟ್ಟ ಸದ್ದು ಕೇಳಿಸಿತು. "ಅವತ್ತು ನೀವು ನೋಟ್‌ಬುಕ್ ಒಯ್ಯಾಕ ಬಂದೀರಿ ಅಂತ ಮಾಡಿದ್ದೆ. ಗಂಟು ಕಟ್ಟಿ ಬಾಗಿಲ ಹಿಂದ ಇಟ್ಟಿದ್ದೆ. ನೀವು ಮಂಡಕ್ಕಿ ತಿಂದು ಹೋದ್ರಿ."

ನನಗೆ ಆ ಗಂಟು ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಆ ಬಾಗಿಲಿನ ಹಿಂದೆ ಏನೂ ಕಾಣುವುದಿಲ್ಲ.

"ಈಗೆಲ್ಲಿವೆ ಆಂಟಿ?"

"ಇಲ್ಲೇ ತಂದಿದ್ದೆ. ಡಲ್ಲಾಸ್ ತಂಡದವ್ರು ನನ್ನ ಸೈನ್ ಮಾಡ್ಕೊಂಡಾರ್ರಿ, ನಿಮಗ ಸುದ್ದಿ ಇಲ್ಲೇನು? ಏಳು ಹುಡುಗ್ರು ಬರ್ತಾವು, ನಮ್ಮ ಗ್ಯಾರೇಜಿಗೆ. ನಿಮ್ಮ ಹುಡುಗ್ರ ನೋಟ್‌ಬುಕ್ಕಿನ್ಯಾಗ ಉಳದ ಖಾಲಿ ಹಾಳಿ ಎಲ್ಲಾ ಇವೇ ಬರದು ಮುಗಿಸ್ಯಾವು. ನಿಮ್ಮ ಮಗಳದು ಒಂದೈತಿ ನೋಡ್ರಿ. ಆಕೀದ್ರಾಗ ಒಂದು ಹಾಳೀನೂ ಖಾಲಿ ಇರ್ಲಿಲ್ಲ."

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಮಗಳು ಫೋನು ಕಿತ್ತುಕೊಂಡಳು. ನನ್ನೊಡನೆ ಎರಡು ವಾಕ್ಯ ಕನ್ನಡ ಮಾತಾಡದವಳು "ಆಂಟಿ, ಅರಾಮಿದ್ದೀರೇನ್ರಿ?" ಎಂದಳು. ಮೈಸೂರಿನ ಮಗಳಲ್ಲ, ಗದಗಿನ ಮೊಮ್ಮಗಳು ಎನ್ನಬೇಕು. ಆ ಕಡೆಯಿಂದ ಏನು ಬಂತೋ, ಇವಳು ನಕ್ಕು, "ಬರ್ತೀವ್ರಿ, ಸ್ಯಾಟರ್ಡೇ" ಎಂದಳು. ನನ್ನನ್ನು ಕೇಳಲೇ ಇಲ್ಲ.

ಹಾಗಾಗಿ ನಾಳೆ ಬೆಳಗ್ಗೆ ಮೆಕಿನ್ನಿಗೆ ಡ್ರೈವ್ ಮಾಡುತ್ತಿದ್ದೇವೆ. ಮಗಳು ಜರ್ಸಿ ಹಾಕಿಕೊಳ್ಳುತ್ತಾಳಂತೆ, ಗ್ವಾಡಿಯ ಹೆಸರಿನದೇ. ತರಗತಿಯ ಗುಂಪಿಗೆ ಈ ವಿಷಯ ತಿಳಿಸೋಣವೆಂದು ನಿನ್ನೆ ಎರಡು ಸಾಲು ಬರೆದಿದ್ದೆ. ಕಳಿಸದೆ ಅಳಿಸಿದೆ. ಈ ಸಲ ಮೊದಲು ಅವರ ಮನೆಗೆ ಹೋಗುತ್ತೇನೆ. ಹೋದ ಕೂಡಲೇ ಬಾಗಿಲ ಹಿಂದೆ ನೋಡುತ್ತೇನೆ.