ಎಡಗೆನ್ನೆಯ ತಾಮ್ರ

ಕಲಾಯಣ್ಣನ ಮುಖ ಹನ್ನೆರಡು ವಾರಗಳ ಮಟ್ಟಿಗೆ ಎರಡು ಸಂಸ್ಥಾನಗಳಾಗಿ ಹೋಳಾಗಿತ್ತು. ಮೂಗೇ ಗಡಿ. ಬಲಗೆನ್ನೆಯ ಮೇಲೆ ಬಿಳಿ ಮುಚ್ಚಳದ ಟ್ಯೂಬಿನ ಆಳ್ವಿಕೆ, ಎಡಗೆನ್ನೆಯ ಮೇಲೆ ಕಪ್ಪು ಮುಚ್ಚಳದ್ದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕಡಲೆಕಾಳಿನಷ್ಟು ನೀಲಿ ಮುಲಾಮು ಆಯಾ ಸೀಮೆಗೆ, ಕಣ್ಣಂಚಿನವರೆಗೂ, ಸಲ್ಲಬೇಕು. ಒಂದರದ್ದು ಇನ್ನೊಂದಕ್ಕೆ ದಾಟಕೂಡದು. ನಡುವೆ ಕೈ ತೊಳೆಯಬೇಕು. ಇಷ್ಟು ಜವಾಬ್ದಾರಿಯ ಹುದ್ದೆಯನ್ನು ಆ ಮೂಗು ಹಿಂದೆಂದೂ ವಹಿಸಿರಲಿಲ್ಲ. ಚಳಿಗಾಲದಲ್ಲಿ ಸೋರುವುದು ಬಿಟ್ಟರೆ ಅದರ ಹೆಸರಿನಲ್ಲಿ ಬೇರೆ ಸಾಧನೆಯೇ ಇರಲಿಲ್ಲ.

ಕಲಾಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ದೊಡ್ಡ ದೊಡ್ಡ ಅಡುಗೆಮನೆಗಳ ತಾಮ್ರದ ಹಂಡೆ, ಕೊಪ್ಪರಿಗೆಗಳಿಗೆ ಒಳಗಿನಿಂದ ತವರ ಬಳಿದು ಬೆಳ್ಳಿಯಂತೆ ಹೊಳೆಸುವ ಕಲಾಯಿ ಕೆಲಸವನ್ನು ಅವನು ನಲವತ್ತು ವರ್ಷ ಮಾಡಿದ್ದ. ಸ್ಟೀಲು ಬಂದು ತಾಮ್ರವನ್ನು ಮೂಲೆಗೆ ತಳ್ಳಿತು. ನಾಲ್ಕು ವರ್ಷದ ಹಿಂದೆ ಅವನಿದ್ದ ಕಾರ್ಖಾನೆಯೂ ಮುಚ್ಚಿತು; ಕುಲುಮೆಯಿದ್ದ ಜಾಗದಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ. ಮದುವೆಯಾಗಲಿಲ್ಲ. ಮಾತುಕತೆಗೆಂದು ಹೋದ ಮನೆಗಳಲ್ಲೆಲ್ಲ ಹುಡುಗಿಯನ್ನು ಬಿಟ್ಟು ಅಡುಗೆಮನೆಯ ಪಾತ್ರೆಗಳನ್ನೇ ನೋಡಿಕೊಂಡು ಬಂದ ಎಂದು ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಕೆಲವು ದಿನ ಸಂಜೆ ಅವನು ಕೆಮ್ಮಿದರೆ ಅದೇ ಆ ದಿನ ಅವನ ಗಂಟಲಿನಿಂದ ಹೊರಟ ಮೊದಲ ಶಬ್ದ.

ಹೀಗಿರುವಾಗ ಬಸ್ ನಿಲ್ದಾಣದಲ್ಲಿ ಒಂದು ಚೀಟಿ ಕಣ್ಣಿಗೆ ಬಿತ್ತು: ಚರ್ಮ ಸಂಶೋಧನಾ ಕೇಂದ್ರಕ್ಕೆ ಐವತ್ತು ದಾಟಿದ, ಕಣ್ಣಂಚಿನಲ್ಲಿ ಸುಕ್ಕುಗಳಿರುವ ನಲವತ್ತು ಮಂದಿ ಬೇಕಾಗಿದ್ದಾರೆ. ತನ್ನಲ್ಲಿ ಧಾರಾಳವಾಗಿ ಇರುವುದನ್ನೇ ಯಾರೋ ಕೇಳುತ್ತಿದ್ದಾರೆಂಬುದು ಕಲಾಯಣ್ಣನಿಗೆ ಆಯುಷ್ಯದಲ್ಲಿ ಮೊದಲ ಅನುಭವ. ಹೆಸರು ಬರೆಸಿದ.

ಕೇಂದ್ರದ ಡಾಕ್ಟರು ಎಲ್ಲರನ್ನೂ ಕೂರಿಸಿ ವಿವರಿಸಿದರು. ನಮ್ಮ ರಕ್ತದಲ್ಲೇ ಪೆಪ್ಟೈಡ್ ಎಂಬ ಮೂರು ಮಣಿಗಳ ಪುಟ್ಟ ಸರವೊಂದಿದೆ. ಅದು ತಾಮ್ರದ ಒಂದು ಕಣವನ್ನು ತಬ್ಬಿಕೊಂಡು ಓಡಾಡುತ್ತದೆ. ಗಾಯ ಮಾಯುವಾಗ ಚರ್ಮದ ಕೋಶಗಳನ್ನು ಎಬ್ಬಿಸಿ ಹೊಸ ನೇಯ್ಗೆ ಹಾಕಿಸುವುದರಲ್ಲಿ ಅದರ ಕೈವಾಡವಿದೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ಕೋಶಗಳು ಅದರ ಮಾತು ಕೇಳುತ್ತವೆ. ಮುಖಕ್ಕೆ ಹಚ್ಚಿದರೂ ಕೇಳುತ್ತವೆಯೇ ಎಂಬುದೇ ಪ್ರಶ್ನೆ. ಎರಡು ಟ್ಯೂಬುಗಳಲ್ಲಿ ಒಂದರಲ್ಲಿ ಮಾತ್ರ ತಾಮ್ರ, ಇನ್ನೊಂದು ಬರೀ ಬಣ್ಣ ಹಾಕಿದ ಮುಲಾಮು. ಯಾವುದು ಯಾವುದೆಂದು ಅಳತೆ ಮಾಡುವವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಾಗಬಾರದು; ಗೊತ್ತಾದರೆ ಹೇಳಬೇಕು, ಹೇಳಿದವರನ್ನು ಪಟ್ಟಿಯಿಂದ ತೆಗೆಯುತ್ತೇವೆ. ಕಲಾಯಣ್ಣ ಸಹಿ ಹಾಕಿದ.

ಗುರುವಾರಗಳು ಶುರುವಾದವು. ಅಳತೆ ಮೇಡಂ ಎಂಬ ಐವತ್ತರ ಆಸುಪಾಸಿನ ಹೆಂಗಸು ಅವನ ಗದ್ದವನ್ನು ಎರಡು ಬೆರಳಿನಿಂದ ಎತ್ತಿ ದೀಪದ ಕೆಳಗಿಡುತ್ತಿದ್ದಳು. ಕಣ್ಣಂಚಿನ ಸುಕ್ಕಿನ ಮೇಲೆ ಮೆತ್ತನೆಯ ರಬ್ಬರಿನಂಥ ಅಚ್ಚು ಮೆತ್ತುತ್ತಿದ್ದಳು. ಅದು ಗಟ್ಟಿಯಾಗಲು ಹತ್ತು ನಿಮಿಷ. ಅಷ್ಟು ಹೊತ್ತು ನಗಬಾರದು, ಮಾತಾಡಬಾರದು. ಆಮೇಲೆ ಆ ಅಚ್ಚನ್ನು ಯಂತ್ರದ ಕೆಳಗಿಟ್ಟು ಸುಕ್ಕಿನ ಆಳ ಅಳೆಯುವುದು. ಆ ಹತ್ತು ನಿಮಿಷ ಮೇಡಂ ಒಬ್ಬಳೇ ಮಾತಾಡುತ್ತಿದ್ದಳು: ಕೆಟ್ಟ ಲಿಫ್ಟು, ತಂಗಿಯ ಗಂಡನ ಜಂಭ, ಮೊಣಕಾಲು ನೋವು. ಕಣ್ಣಂಚಿಗೆ ಅಚ್ಚು ಮೆತ್ತಿಸಿಕೊಂಡು ಕಣ್ಣು ಮುಚ್ಚಿ ಕೇಳುವವನಷ್ಟು ಒಳ್ಳೆಯ ಕೇಳುಗ ಅವಳಿಗೂ ಎಲ್ಲಿ ಸಿಗಬೇಕು. ಕಲಾಯಣ್ಣನ ಮುಖವನ್ನು ಅವನ ಕೈ ಬಿಟ್ಟು ಬೇರೆ ಕೈ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಬುಧವಾರ ಸಂಜೆಯೇ ಅವನು ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದ.

ಆದರೆ ಆ ನೀಲಿ ಬಣ್ಣ ಅವನನ್ನು ಕೆಣಕುತ್ತಿತ್ತು. ನಲವತ್ತು ವರ್ಷ ತಾಮ್ರದ ಜೊತೆ ಸಂಸಾರ ಮಾಡಿದವನ ಎದುರಿಗೆ ಯಾವುದೋ ಪುಟಗೋಸಿ ಮುಲಾಮು ಬಣ್ಣ ಬಳಿದುಕೊಂಡು ತಾನೇ ತಾಮ್ರ ಎಂದು ನಿಂತರೆ ಹೇಗೆ ಸಹಿಸುವುದು? ಐದು ವಾರ ಸಹಿಸಿದ. ಆರನೇ ಭಾನುವಾರ ಮಧ್ಯಾಹ್ನ ಎರಡು ಚಮಚ ತೆಗೆದು, ಒಂದರಲ್ಲಿ ಬಿಳಿ ಮುಚ್ಚಳದ್ದು, ಇನ್ನೊಂದರಲ್ಲಿ ಕಪ್ಪು ಮುಚ್ಚಳದ್ದು ಹಾಕಿ ನಿಂಬೆರಸ ಹಿಂಡಿದ. ಉಜ್ಜಿ ಹೊಳಪು ಮಾಡಿದ ಎರಡು ಕಬ್ಬಿಣದ ಮೊಳೆಗಳನ್ನು ಅದ್ದಿಟ್ಟ. ಹುಳಿಯಲ್ಲಿ ತಾಮ್ರವಿದ್ದರೆ ಅದು ಕಬ್ಬಿಣದ ಮೈಗೆ ಹೋಗಿ ಕೂರುತ್ತದೆಂದು ಕಲಾಯಿ ಮಾಡುವ ಪ್ರತಿಯೊಬ್ಬನಿಗೂ ಗೊತ್ತು. ಮಹಾಯುದ್ಧದ ಫಲಿತಾಂಶಕ್ಕೆ ಕಾಯುವ ಚಕ್ರವರ್ತಿಯ ಹಾಗೆ ಸ್ಟೂಲಿನ ಮೇಲೆ ಕುಳಿತ. ಸಂಜೆಯ ಹೊತ್ತಿಗೆ ಕಪ್ಪು ಮುಚ್ಚಳದ ಚಮಚದ ಮೊಳೆ ನಸುಗೆಂಪಾಗಿತ್ತು.

ಗೆದ್ದ ಸುದ್ದಿ ಸಾರಲು ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಕಪ್ಪು ಮುಚ್ಚಳದ್ದೇ ತಾಮ್ರ. ಕಳ್ಳನ್ನ ಹಿಡಿದುಬಿಟ್ಟೆ ಕಣೇ."

"ನೋಡಲ್ಲ ಅಂತ ಸಹಿ ಹಾಕಿದ್ದೀನಿ ಅಂದಿದ್ದೆಯಲ್ಲೋ?"

"ಹಾಕಿದ್ದೆ."

"ಹಾಗಾದ್ರೆ ಕಳ್ಳ ನೀನೇ. ಬಾಯಿ ಮುಚ್ಕೊಂಡಿರು. ಗೊತ್ತಾದ್ರೆ ಹೊರಗೆ ಹಾಕ್ತಾರೆ. ಆಮೇಲೆ ಗುರುವಾರ ಯಾರ ಮುಂದೆ ಮುಖ ಚಾಚ್ಕೊಂಡು ಕೂರ್ತೀಯ?"

"ನಾನು ವಿಜ್ಞಾನಕ್ಕೋಸ್ಕರ ಹೋಗೋದು."

"ಹೌದೌದು. ವಿಜ್ಞಾನಕ್ಕೆ ಇಸ್ತ್ರಿ ಅಂಗಿ ಬೇಕೇ ಬೇಕು ನೋಡು."

ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಕಷ್ಟವಾಗಲಿಲ್ಲ. ಕೈಯನ್ನು ತಡೆಹಿಡಿಯುವುದು ಕಷ್ಟವಾಯಿತು. ಹಂಡೆಯ ಅರ್ಧಕ್ಕೆ ಮಾತ್ರ ತವರ ಬಳಿದು ಅರ್ಧ ಬಿಡುವ ಕಲಾಯಿಯವನು ಲೋಕದಲ್ಲಿ ಇನ್ನೂ ಹುಟ್ಟಿಲ್ಲ. ಕನ್ನಡಿಯಲ್ಲಿ ಬಲಗೆನ್ನೆ ಮಲತಾಯಿಯ ಮನೆಯ ಕೂಸಿನ ಹಾಗೆ ಅವನನ್ನು ನೋಡುತ್ತಿತ್ತು. ಏಳನೇ ವಾರದ ಒಂದು ಬೆಳಗ್ಗೆ ಕಪ್ಪು ಮುಚ್ಚಳದ ಮುಲಾಮು ಹಚ್ಚಿದ ಬೆರಳು ಮೂಗನ್ನು ಹತ್ತಿ, ಇಳಿದು, ಆಚೆ ಕಡೆಗೂ ಹೋಯಿತು. ಅಂದಿನಿಂದ ಎರಡೂ ಕೆನ್ನೆಗೆ ತಾಮ್ರವೇ. ಯಾರಿಗೂ ಅನ್ಯಾಯವಾಗದಂತೆ ರಾಜ್ಯಭಾರ ನಡೆಸುತ್ತಿದ್ದೇನೆಂದು ಅವನು ಹಿಗ್ಗಿದ.

ಒಂಬತ್ತನೇ ಗುರುವಾರ ಅಚ್ಚು ಮೆತ್ತುವ ಮೊದಲು ಮೇಡಂ ಹಳೆಯ ಹಾಳೆಗಳನ್ನು ತಿರುವಿ ಹುಬ್ಬು ಗಂಟಿಕ್ಕಿದಳು.

"ಏನಾಯ್ತು ಮೇಡಂ?"

"ಏನಿಲ್ಲ ಸರ್. ಐದನೇ ವಾರದಲ್ಲಿ ಒಂದು ಕಡೆ ಸುಕ್ಕು ಕೂದಲೆಳೆಯಷ್ಟು ಕಡಿಮೆ ಇತ್ತು. ಈಗ ಎರಡೂ ಕಡೆ ಒಂದೇ ಸಮ."

"ಒಂದೇ ಸಮ ಆದ್ರೆ ಒಳ್ಳೇದಲ್ವಾ?"

"ಮುಖಕ್ಕೆ ಒಳ್ಳೇದು, ನಮಗಲ್ಲ. ಎರಡೂ ಒಂದೇ ಅಂದ್ರೆ, ತಾಮ್ರ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ಬರೀಬೇಕಾಗುತ್ತೆ."

ಕಲಾಯಣ್ಣ ಕುರ್ಚಿಯಲ್ಲಿ ನೆಟ್ಟಗಾದ. ಒಂದು ಕಡೆ ಇನ್ನುಳಿದ ಗುರುವಾರಗಳು, ಗದ್ದದ ಕೆಳಗಿನ ಎರಡು ಬೆರಳು. ಇನ್ನೊಂದು ಕಡೆ ತಾಮ್ರದ ಮಾನ. ಸ್ಟೀಲಿನವರು ಅಂದ ಮಾತೂ ಇದೇ: ತಾಮ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆಗ ಅವನು ಬಾಯಿ ಮುಚ್ಚಿಕೊಂಡು ಕುಲುಮೆ ಆರಿಸಿ ಮನೆಗೆ ಹೋಗಿದ್ದ. ಈಗ ಅಕ್ಕನ ಮಾತು ನೆನಪಾಯಿತು. ಸುಮ್ಮನಿದ್ದರೆ ಇನ್ನೂ ಮೂರು ಗುರುವಾರ. ಮೂರನ್ನೂ ಮನಸ್ಸಿನಲ್ಲೇ ಒಮ್ಮೆ ಅನುಭವಿಸಿ ಮುಗಿಸಿದ.

"ತಾಮ್ರದ ತಪ್ಪಲ್ಲ ಮೇಡಂ. ನಂದು," ಎಂದ. ಮೊಳೆ, ನಿಂಬೆಹಣ್ಣು, ಬಲಗೆನ್ನೆ, ಎಲ್ಲವನ್ನೂ ಒಪ್ಪಿಸಿದ.

ಮೇಡಂ ಪೆನ್ನು ಕೆಳಗಿಟ್ಟಳು. ಬಯ್ಯುತ್ತಾಳೆಂದು ಅವನು ಕಾದ.

"ಸರ್, ನಿಮ್ಮೊಬ್ಬರ ಕೆನ್ನೆಯಿಂದ ತಾಮ್ರದ ಮಾನ ಹೋಗೋದೂ ಇಲ್ಲ, ಬರೋದೂ ಇಲ್ಲ. ನಲವತ್ತು ಜನ ಇದ್ದಾರೆ. ಬರೀ ಮುಲಾಮು ಹಚ್ಚಿದ್ರೂ ಚರ್ಮ ಮೆತ್ತಗಾಗಿ ಸುಕ್ಕು ಸ್ವಲ್ಪ ಇಳಿಯುತ್ತೆ."

"ಅಂದ್ರೆ ನಾನು ಹೇಳದಿದ್ರೂ ನಡೀತಿತ್ತಾ?"

"ನಡೀತಿರ್ಲಿಲ್ಲ. ತಪ್ಪು ಲೆಕ್ಕ ಒಳಗೆ ಸೇರ್ತಿತ್ತು. ಆದ್ರೆ ಈಗ ನಿಮ್ಮನ್ನ ಪಟ್ಟಿಯಿಂದ ತೆಗೀಲೇಬೇಕು."

"ಗೊತ್ತು."

"ಹೋಗೋವರದ್ದೂ ಕೊನೆಯ ಅಚ್ಚು ತೆಗೀಬೇಕು. ತಲೆ ಹಿಂದಕ್ಕೆ ಮಾಡಿ."

ಎರಡು ಬೆರಳು ಗದ್ದವನ್ನು ಎತ್ತಿದವು. ತಣ್ಣನೆಯ ಅಚ್ಚು ಕಣ್ಣಂಚಿಗೆ ಬಿತ್ತು. ಇವತ್ತು ಲಿಫ್ಟಿನ ಸುದ್ದಿಯಿಲ್ಲ, ತಂಗಿಯ ಗಂಡನ ಸುದ್ದಿಯಿಲ್ಲ. ಅಚ್ಚಿನ ಅಂಚು ಒತ್ತುತ್ತ ಮೇಡಂ ಕೇಳಿದಳು: "ಅಲ್ಲಾ ಸರ್, ಈ ಮೊಳೆಯ ಉಪಾಯ ನಿಮಗೆ ಹೇಗೆ ಗೊತ್ತು?"

ಒಂಬತ್ತು ವಾರಗಳಲ್ಲಿ ಅವಳು ಅವನನ್ನು ಕೇಳಿದ ಮೊದಲ ಪ್ರಶ್ನೆ. ಅವನಿಗೆ ತುಟಿ ಅಲುಗಿಸುವ ಹಾಗಿರಲಿಲ್ಲ.

"ಅಯ್ಯೋ, ಬಾಯಿ ಕಟ್ಟಿಹಾಕಿ ಪ್ರಶ್ನೆ ಕೇಳ್ತಿದ್ದೀನಿ. ತೆಗೆದ ಮೇಲೆ ಹೇಳಿ."

ಉಳಿದ ನಿಮಿಷಗಳಲ್ಲಿ ಕಲಾಯಣ್ಣ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿದ. ಎಲ್ಲಿಂದ ಶುರುಮಾಡುವುದು, ಕೆಲಸ ಕಲಿಸಿದ ಮೇಸ್ತ್ರಿಯ ಕೋಪ ಎಲ್ಲಿ ಬರಬೇಕು, ಅವಳು ಎಲ್ಲಿ ನಗಬಹುದು. ಅಚ್ಚು ಕಳಚಿತು. ಅವನು ಗಂಟಲು ಸರಿಮಾಡಿಕೊಂಡ.

"ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕೋ ಮೊದಲು ಹುಳಿನೀರಲ್ಲಿ ತೊಳೀತಾರೆ ಮೇಡಂ. ಆ ನೀರಿಗೆ ಕಬ್ಬಿಣದ ಇಕ್ಕಳ ಅದ್ದಬಾರದು. ಕೆಲಸಕ್ಕೆ ಸೇರಿದ ಮೊದಲನೇ ವಾರ ನಾನು ಅದ್ದಿಬಿಟ್ಟೆ. ಇಕ್ಕಳ ಕೆಂಪಗಾಯ್ತು. ಅದನ್ನ ನೋಡಿ ಮೇಸ್ತ್ರಿ..."

ಬಾಗಿಲು ತೆರೆಯಿತು. ಮುಂದಿನ ಸರದಿಯ ಹೆಂಗಸು, ಕೈಚೀಲ ಎದೆಗವಚಿಕೊಂಡು, ಒಳಗೆ ಬರಲೇ ಎಂದು ಕೇಳಿದಳು.

"ಬನ್ನಿ, ಕೂತ್ಕೊಳ್ಳಿ," ಎಂದಳು ಮೇಡಂ. ಅವನತ್ತ ತಿರುಗಿ, "ಮುಂದಿನ ಗುರುವಾರ..." ಎಂದು ಶುರುಮಾಡಿ, ನಿಂತು, "ಟ್ಯೂಬುಗಳನ್ನ ಇಲ್ಲೇ ಬಿಟ್ಟುಹೋಗಿ ಸರ್," ಎಂದಳು.

ಕಲಾಯಣ್ಣ ಟ್ಯೂಬುಗಳನ್ನಿಟ್ಟು ಹೊರಬಂದ. ಮನೆಗೆ ಹೋಗಲಿಲ್ಲ. ಕಥೆ ಅರ್ಧಕ್ಕೆ ನಿಂತಿತ್ತು. ಊಟದ ಹೊತ್ತಿಗೆ ಮೇಡಂ ಹೊರಗೆ ಬರಲೇಬೇಕು. ಪಡಸಾಲೆಯ ಬೆಂಚಿನ ಮೇಲೆ ಕುಳಿತ. ನಾಲ್ಕು ಜನ ಒಳಗೆ ಹೋಗಿ ಬಂದರು.

ಒಂದು ಗಂಟೆಗೆ ಅವಳು ಊಟದ ಡಬ್ಬಿ ಹಿಡಿದು ಬಂದಳು. ಕಿವಿಗೆ ಫೋನು. ನಗುತ್ತ ಯಾರಿಗೋ ಹೇಳುತ್ತಿದ್ದಳು: "ನಿಂಬೆಹಣ್ಣಂತೆ, ಮೊಳೆಯಂತೆ. ಡಾಕ್ಟರಿಗೇ ಹೊಳೆಯಲ್ಲ ಅಂಥದ್ದು. ಹುಳಿನೀರಿಗೆ ಸೌಟು ಅದ್ದಿ ಕೆಂಪಾಗಿತ್ತಂತೆ, ಹಾಗೆ ಗೊತ್ತಾಯ್ತಂತೆ ಆ ಮನುಷ್ಯನಿಗೆ." ಬೆಂಚಿನ ಮೇಲೆ ಅವನನ್ನು ಕಂಡು ಸಂತೋಷದಿಂದಲೇ ಕೈ ಎತ್ತಿದಳು. ಅವನೂ ಎತ್ತಿದ. ಅವಳು ಮಾತಾಡುತ್ತಲೇ ಮೆಟ್ಟಿಲಿಳಿದಳು. ನಗು ಒಂದು ಮಹಡಿ, ಎರಡು ಮಹಡಿ ಕೆಳಗೆ ಹೋಗಿ ಕೇಳಿಸದಾಯಿತು.

"ಸೌಟಲ್ಲ, ಇಕ್ಕಳ," ಎಂದ ಕಲಾಯಣ್ಣ, ಖಾಲಿ ಪಡಸಾಲೆಗೆ.